ಹಾಲ್‌ಸ್ಟಾಟ್: ಸರೋವರದ ಅಂಚಿನ ಊರು, ದಾರಿ ತಪ್ಪಿಸೋ ಜನಸಾಂದ್ರತೆ

ವಸತಿ ಭೂಗೋಳ ಓದ್ತಿರೋರು ಆಸ್ಟ್ರಿಯಾದ ಹಾಲ್‌ಸ್ಟಾಟ್ ಊರನ್ನ ಒಂದ್ಸಲ ಸರಿಯಾಗಿ ನೋಡ್ಕೊಳ್ಳಿ. ಫೋಟೋ ಎಲ್ರೂ ನೋಡಿರ್ತೀರ, ನೀರಿನ ಪಕ್ಕದಲ್ಲೇ ಚೂಪು ಗೋಪುರದ ಚರ್ಚು, ಹಿಂದೆ ಗೋಡೆ ಎಬ್ಬಿಸಿದ ಹಾಗೆ ಬೆಟ್ಟ.

ಮೊದಲು ಲೆಕ್ಕ. ಊರಿನ ಆಡಳಿತ ವ್ಯಾಪ್ತಿ ಸುಮಾರು 60 ಚ.ಕಿ.ಮೀ., ಜನ ಸುಮಾರು 750, ಭಾಗಿಸಿದ್ರೆ ಚ.ಕಿ.ಮೀ.ಗೆ 12-13 ಜನ ಅಷ್ಟೇ. ಇದನ್ನ ಮಾತ್ರ ನೋಡಿದ್ರೆ ಅಲ್ಲೊಂದು ಇಲ್ಲೊಂದು ಮನೆ ಇರೋ ಊರು ಅಂದ್ಕೋತೀವಿ. ಆದ್ರೆ ಅಲ್ಲಿ ಒಬ್ಬರ ಮನೆ ಸೂರಿನ ಮೇಲೆ ಇನ್ನೊಬ್ಬರ ಮನೆ ಹೊಸ್ತಿಲು ಅನ್ನೋ ಥರ ಒತ್ತಿಕೊಂಡು ಕಟ್ಟಿದಾರೆ.

ಕಾರಣ ಏನಪ್ಪಾ ಅಂದ್ರೆ ಆ 60 ಚ.ಕಿ.ಮೀ.ನಲ್ಲಿ ಹೆಚ್ಚಿನ ಭಾಗ ಬಂಡೆ, ಕಾಡು, ಹಿಮನದಿ. ಸರೋವರದ ಮಟ್ಟ ಸಮುದ್ರಕ್ಕಿಂತ ಸುಮಾರು 508 ಮೀ. ಎತ್ತರದಲ್ಲಿದೆ, ಅಲ್ಲಿಂದ ವ್ಯಾಪ್ತಿ 2,995 ಮೀ. ಎತ್ತರದ ಡಾಖ್‌ಸ್ಟೈನ್ ಶಿಖರದ ತನಕ ಹತ್ತುತ್ತೆ. ಹಿಮಯುಗದಲ್ಲಿ ಹಿಮನದಿ ಕಣಿವೆನ ಆಳವಾಗಿ ಕೊರೆದು ಹೋಯ್ತು, ಆ ತಗ್ಗಲ್ಲಿ ನೀರು ನಿಂತು ಸರೋವರ ಆಯ್ತು, ಆಳ 125 ಮೀ., ಟ್ರೌನ್ ನದಿ ಇದರೊಳಗೆ ಬಂದು ಹೊರಗೆ ಹೋಗುತ್ತೆ. ಹಿಮನದಿ ಕೊರೆದ ಕಣಿವೆ ಪಕ್ಕ ಕಡಿದಾಗೇ ಇರುತ್ತೆ, ಹಾಗಾಗಿ ಊರು ಕಟ್ಟೋಕೆ ಸಮತಟ್ಟಾದ ದಡ ಅನ್ನೋದೇ ಇಲ್ಲ. ಹಾಗಾದ್ರೆ ಊರು ಕೂತಿರೋದು ಎಲ್ಲಿ? ಬೆಟ್ಟದ ಹಳ್ಳಗಳು ಹೊತ್ತು ತಂದು ಸುರಿದ ಕಲ್ಲುಮಣ್ಣಿನ ಮೇಲೆ, ಅಂದ್ರೆ ಬೀಸಣಿಗೆ ಆಕಾರದಲ್ಲಿ ಹರಡಿಕೊಂಡ ಮೆಕ್ಕಲು ಬೀಸಣಿಗೆ ಮೇಲೆ. ಹಳೇ ಪೇಟೆ ಮ್ಯೂಲ್‌ಬಾಖ್ ಹಳ್ಳದ್ದು, ದಕ್ಷಿಣದ ಲಾನ್ ಬಡಾವಣೆ ವಾಲ್ಡ್‌ಬಾಖ್ ಹಳ್ಳದ್ದು. ನಕ್ಷೆ ಬರೆಯೋವಾಗ ಇವೆರಡನ್ನೂ ಗುರುತು ಮಾಡಿ.

ಜಾಗದ ಅಭಾವಕ್ಕೆ ನನಗೆ ಮರೆಯೋಕೇ ಆಗದ ಸಾಕ್ಷಿ ಅಂದ್ರೆ ಅಲ್ಲಿನ ಸ್ಮಶಾನ. ಎಷ್ಟು ಚಿಕ್ಕದು ಅಂದ್ರೆ ಹೂಳಿದ ಹತ್ತು ಹದಿನೈದು ವರ್ಷಕ್ಕೆ ಸಮಾಧಿ ತೆಗೆದು ಮುಂದಿನೋರಿಗೆ ಜಾಗ ಮಾಡಿಕೊಡ್ತಿದ್ರು, ತೆಗೆದ ತಲೆಬುರುಡೆನ ಬಿಸಿಲಲ್ಲಿ ಒಣಗಿಸಿ ಹೂವು, ಎಲೆ, ಸತ್ತವರ ಹೆಸರು ಬರೆದು ಪಕ್ಕದ ಎಲುಬಿನ ಮನೆಯಲ್ಲಿ ಮನೆತನದವರ ಜೊತೆ ಸಾಲಾಗಿ ಇಡ್ತಿದ್ರು. 1,200ಕ್ಕೂ ಹೆಚ್ಚು ಬುರುಡೆ ಇವೆ, ಅದ್ರಲ್ಲಿ 600ಕ್ಕೂ ಮಿಕ್ಕಿ ಬಣ್ಣದವು, ಕೊನೇದು ಸೇರಿದ್ದು 1995ರಲ್ಲಿ. ಜನಸಾಂದ್ರತೆ 12 ಅಂತ ಬರೆಯೋ ಊರಲ್ಲಿ ಸತ್ತೋರಿಗೂ ಆರಡಿ ಮೂರಡಿ ಶಾಶ್ವತವಾಗಿ ಸಿಗ್ತಿರಲಿಲ್ಲ ಅನ್ನೋದನ್ನ ಸ್ವಲ್ಪ ಯೋಚನೆ ಮಾಡಿ.

ಇಷ್ಟು ಕಷ್ಟದ ಜಾಗಕ್ಕೆ ಜನ ಯಾಕೆ ಬಂದ್ರು ಅಂದ್ರೆ ಒಂದೇ ಉತ್ತರ, ಉಪ್ಪು. ಊರಿನ ಮೇಲಿನ ಕಣಿವೆಯಲ್ಲಿ ಸಾವಿರಾರು ವರ್ಷದಿಂದ ಉಪ್ಪು ತೆಗೀತಿದಾರೆ, ಕ್ರಿ.ಪೂ. 14ನೇ ಶತಮಾನದ ಮರದ ಮೆಟ್ಟಿಲು ಗಣಿಯೊಳಗೆ ಉಪ್ಪಿನಿಂದಾನೇ ಕೆಡದೆ ಸಿಕ್ಕಿದೆ. 1846ರಲ್ಲಿ ಗಣಿಯ ಅಧಿಕಾರಿ ಯೋಹಾನ್ ಗಿಯೋರ್ಗ್ ರಾಮ್‌ಸೌವರ್ ಅಲ್ಲೇ ಒಂದು ಪ್ರಾಚೀನ ಸ್ಮಶಾನ ಕಂಡು ಅಗೆದು ಸಾವಿರದ ಹತ್ತಿರ ಸಮಾಧಿ ದಾಖಲಿಸಿದ್ರು, ಯುರೋಪಿನ ಆರಂಭದ ಕಬ್ಬಿಣ ಯುಗಕ್ಕೆ ಹಾಲ್‌ಸ್ಟಾಟ್ ಸಂಸ್ಕೃತಿ ಅಂತ ಹೆಸರು ಬಂದಿದ್ದು ಇಲ್ಲಿಂದಾನೇ. ಗಣಿಯ ಉಪ್ಪನ್ನ ನೀರಲ್ಲಿ ಕರಗಿಸಿ, ಆ ಉಪ್ಪುನೀರು ಕಾಯಿಸಿ ಉಪ್ಪು ಮಾಡೋಕೆ ಸುತ್ತಲ ಸೌದೆ ಸಾಲದೆ ಹೋದಾಗ 1595ರಿಂದ 1607ರ ತನಕ ಮರದ ದಿಮ್ಮಿ ಕೊರೆದು ಜೋಡಿಸಿ 40 ಕಿ.ಮೀ. ದೂರದ ಎಬೆನ್‌ಸೇ ಊರಿಗೆ ಉಪ್ಪುನೀರು ಸಾಗಿಸೋ ಪೈಪ್‌ಲೈನ್ ಹಾಕಿದ್ರು.

ಸಾರಿಗೆ ಬಗ್ಗೆ ಎರಡೇ ಮಾತು: ರೈಲು 1877ರಲ್ಲಿ ಬಂತು ಆದ್ರೆ ಎದುರು ದಡಕ್ಕೆ, ಈಗಲೂ ಸ್ಟೇಷನ್‌ನಲ್ಲಿ ಇಳಿದು ದೋಣಿ ಹತ್ತಬೇಕು. ಈ ದಡದ ರಸ್ತೆ ಆಗಿದ್ದು 1890ರಲ್ಲಿ.

ಈಗ ಜನಸಂಖ್ಯೆಗೆ ವಾಪಸ್ ಬರೋಣ. ಹಿಂದೆ ಸಾವಿರ ದಾಟಿದ್ದ ಊರು ಇಳೀತಾ ಬಂದಿದೆ. 1997ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, 2012ರಲ್ಲಿ ಚೀನಾದ ಗುವಾಂಗ್‌ಡಾಂಗ್‌ನಲ್ಲಿ ಇದರ ನಕಲು ಊರೇ ತೆರೀತು. ಸೀಸನ್‌ನಲ್ಲಿ ಒಂದೇ ದಿನ 10,000 ಪ್ರವಾಸಿಗಳ ತನಕ ಬರ್ತಾರೆ, ಅಂದ್ರೆ ಒಬ್ಬ ನಿವಾಸಿಗೆ 13 ಜನ. ಜನಗಣತಿ ಎಣಿಸೋದು ಅಲ್ಲೇ ವಾಸ ಇರೋರನ್ನ, ಹಗಲಿನ ಜನಸಂಖ್ಯೆ ಅದರಲ್ಲಿ ಕಾಣಲ್ಲ. 2023ರ ಆಗಸ್ಟ್‌ನಲ್ಲಿ ಊರೋರು ಊರಿಗೆ ಬರೋ ಸುರಂಗ ರಸ್ತೆಗೆ ಅಡ್ಡ ನಿಂತು ಪ್ರತಿಭಟನೆ ಮಾಡಿದ್ರು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿ, ಸಂಜೆ ಐದಕ್ಕೆ ಪ್ರವಾಸಿ ಬಸ್ ನಿಲ್ಲಿಸಿ ಅನ್ನೋದು ಅವರ ಬೇಡಿಕೆ.