ಮಾಗಳಿ ಬೇರಿನ ಹೂವು ನೋಡಿದೀರಾ?

ಮಾಗಳಿ ಬೇರಿನ ಉಪ್ಪಿನಕಾಯಿ ಅಂದ್ರೆ ಬಾಯಲ್ಲಿ ನೀರೂರಿಸೋರು ಬೇಕಾದಷ್ಟು ಜನ ಸಿಗ್ತಾರೆ, ಆದ್ರೆ ಅದರ ಹೂವು ನೋಡಿದೀರಾ ಅಂತ ಕೇಳಿ, ಬಹಳಷ್ಟು ಜನ ಅದಕ್ಕೆ ಹೂವೂ ಬಿಡತ್ತಾ ಅಂತಾರೆ. ಬಿಡತ್ತೆ, ಸಣ್ಣ ಸಣ್ಣದು, ಕೆನೆ ಬಣ್ಣ, ಗೊಂಚಲು ಗೊಂಚಲಾಗಿ. ಬಂಡೆ ಸಂದಿಲಿ, ಕುರುಚಲು ಕಾಡಲ್ಲಿ ಪಕ್ಕದ ಗಿಡ ಹಿಡ್ಕೊಂಡು ಹಬ್ಬೋ ಬಳ್ಳಿ ಇದು, ಮುರಿದ್ರೆ ಹಾಲು ಬರತ್ತೆ. ದಕ್ಷಿಣ ಭಾರತ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ತಾನಾಗಿ ಬೆಳೆಯಲ್ಲ. 1834ರಲ್ಲಿ ಸಸ್ಯವಿಜ್ಞಾನಿಗಳಾದ ವೈಟ್ ಮತ್ತೆ ಆರ್ನಟ್ ಇದಕ್ಕೆ ಡೆಕಾಲೆಪಿಸ್ ಹ್ಯಾಮಿಲ್ಟೋನಿ ಅಂತ ವೈಜ್ಞಾನಿಕ ಹೆಸರಿಟ್ರು, ಈಗ ಅಳಿವಿನಂಚಿನ ಗಿಡಗಳ ಸಾಲಲ್ಲಿದೆ.

ಕಷ್ಟ ಎಲ್ಲಿ ಅಂದ್ರೆ, ನಮಗೆ ಬೇಕಾಗಿರೋದು ಬೇರು, ಬಳ್ಳಿ ಬದುಕಿರೋದೂ ಅದೇ ಬೇರಿಂದ. ಮಳೆ ಇಲ್ಲದ ತಿಂಗಳುಗಳನ್ನ ಅದು ಕಳೆಯೋದೇ ಆ ದಪ್ಪ ಬೇರಲ್ಲಿ ಕೂಡಿಟ್ಟ ನೀರು, ಆಹಾರದ ಮೇಲೆ. ನೆಲ್ಲಿಕಾಯಿ ಕಿತ್ರೆ ಮರ ಇರತ್ತೆ, ಮಾಗಳಿ ಬೇರನ್ನ ಬುಡಸಮೇತ ಅಗೆದ್ರೆ ಅಲ್ಲಿಗೆ ಮುಗೀತು. ಅಗೆದಿದ್ರಲ್ಲೂ ಸಿಪ್ಪೆ ಹೆರೆದು, ಸೀಳಿ, ನಡುವಿನ ನಾರುಕಡ್ಡಿ ತೆಗೆದು ಎಸೀತೀವಿ, ಜಾಡಿಗೆ ಹೋಗೋದು ಸುತ್ತಲ ತಿರುಳು ಮಾತ್ರ. ಆ ಘಾಟು ವಾಸನೆ ಕೊಡೋ ವಸ್ತು ವೆನಿಲ್ಲಾ ಪರಿಮಳದ ವೆನಿಲಿನ್‌ಗೆ ದಾಯಾದಿ, ಪರಮಾಣುಗಳು ಅವೇ, ಜೋಡಣೆ ಬೇರೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಇದರ ಮೇಲೆ, ಟಿಶ್ಯೂ ಕಲ್ಚರ್‌ಲ್ಲಿ, ಅಂದ್ರೆ ಗಿಡದ ಸಣ್ಣ ತುಣುಕಿಂದ ಲ್ಯಾಬಲ್ಲಿ, ಸಸಿ ಮಾಡೋದರ ಮೇಲೂ ಒಳ್ಳೇ ಕೆಲಸ ಆಗಿದೆ.

ನಾನು ನರ್ಸರಿಲಿ ಮಾಡೋದು ಬೀಜದ ದಾರಿ. ಕಾಯಿ ಜೋಡಿ ಜೋಡಿಯಾಗಿ, ಎತ್ತಿನ ಕೊಂಬು ಎರಡು ಕಡೆ ಚಾಚಿದ ಹಾಗೆ ಬಿಡತ್ತೆ. ಒಣಗಿ ಬಿರಿದ್ರೆ ಒಳಗಿನ ಬೀಜ ಒಂದೊಂದಕ್ಕೂ ರೇಷ್ಮೆ ಕುಚ್ಚು, ಗಾಳಿ ಬೀಸಿದ್ರೆ ಸಾಕು ಒಂದೂ ಕೈಗೆ ಸಿಗಲ್ಲ, ಅದಕ್ಕೇ ಕಾಯಿ ಹಸಿರು ಕಳ್ಕೊಳ್ತಿದ್ದ ಹಾಗೇ ಹಳೇ ಸೊಳ್ಳೆಪರದೆ ತುಂಡು ಸುತ್ತಿ ಕಟ್ಟಿಬಿಡ್ತೀನಿ. ಮೊದಲನೇ ವರ್ಷ ಕಟ್ಟೋಕೆ ಎರಡು ದಿನ ತಡ ಮಾಡಿದೆ, ಉಳಿದಿದ್ದು ಬರೀ ಸಿಪ್ಪೆ, ಆ ಸಂಕಟ ಇನ್ನೂ ಹೋಗಿಲ್ಲ. ಬೀಜ ಹೊಸದಿದ್ದಾಗಲೇ ಕುಚ್ಚು ತೆಗೆದು ಮರಳು ಮಿಶ್ರಣದಲ್ಲಿ ಹಾಕ್ಬೇಕು, ನೀರು ನಿಂತ್ರೆ ಕೊಳೆಯತ್ತೆ.

ಬೆಳೆಸೋ ರೈತರಿಗೆ ನಾನು ಹೇಳೋದಿಷ್ಟೇ: ಕನಿಷ್ಠ ಮೂರು ವರ್ಷ ಮುಟ್ಟಬೇಡಿ, ಆಮೇಲೂ ಬೀಜ ಉದುರಿದ ಮೇಲೆ ಒಂದು ಪಕ್ಕ ಮಾತ್ರ ಮಣ್ಣು ಬಿಡಿಸಿ, ಅತ್ತ ಹೋಗಿರೋ ಬೇರು ಕತ್ತರಿಸ್ಕೊಳ್ಳಿ, ಬುಡ ಅಲ್ಲಾಡಿಸದೆ ಮಣ್ಣು ಮುಚ್ಚಿ, ಇನ್ನೊಂದು ಪಕ್ಕ ಮುಂದಿನ ಸರದಿಗೆ. ಕೊಳ್ಳೋರೂ ಅಂಗಡೀಲಿ ಕೇಳಬಹುದು, ಇದು ತೋಟದ್ದಾ ಕಾಡಿಂದಾ ಅಂತ. ಅಂದಹಾಗೆ ಸೊಗದೆ ಬೇರು ಜೊತೆ ಇದನ್ನ ಗೊಂದಲ ಮಾಡ್ಕೋಬೇಡಿ, ಅದು ಬೇರೆ ಗಿಡ, ತಂತಿ ಥರ ತೆಳ್ಳಗಿರತ್ತೆ, ಮಾಗಳಿ ಬೆರಳಿಗಿಂತ ದಪ್ಪ.

ಈ ಸಲ ಬೇಲಿ ಪಕ್ಕದ ಬಳ್ಳೀಲಿ ಏಳು ಜೋಡಿ ಕಾಯಿ ಇದೆ, ಏಳಕ್ಕೂ ಬಟ್ಟೆ ಕಟ್ಟಾಯ್ತು.