ಗ್ರಹಚಾರವಲ್ಲ, ಲೆಕ್ಕಾಚಾರ

1997ರ ಫೆಬ್ರುವರಿ 1, ಶನಿವಾರ. ಬೆಳಕು ಹರಿಯುವ ಮೊದಲೇ ಜಪಾನಿನ ಕರಿಯಾದಲ್ಲಿದ್ದ ಐಸಿನ್ ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಎಂಜಿನ್ ಅಲ್ಲ, ಪಿ-ವಾಲ್ವ್ ಎಂಬ, ಮುಷ್ಟಿಯೊಳಗೆ ಹಿಡಿಸುವ ಲೋಹದ ತುಂಡು. ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳಿಗೆ ಹೋಗುವ ಒತ್ತಡವನ್ನು ತಗ್ಗಿಸಿ, ಅವು ಜಾರದಂತೆ ನೋಡಿಕೊಳ್ಳುವುದು ಅದರ ಕೆಲಸ. ಟೊಯೋಟಾಕ್ಕೆ ಬೇಕಾದ ಇಂಥ ವಾಲ್ವ್‌ಗಳೆಲ್ಲ ಹೆಚ್ಚುಕಡಿಮೆ ಆ ಒಂದೇ ಸೂರಿನಡಿಯಿಂದ ಬರುತ್ತಿದ್ದವು. ಅದೋ ದಾಸ್ತಾನು ಇಡುವುದೇ ದುಂದು ಎಂದುಕೊಂಡಿದ್ದ ಕಂಪನಿ. ಕೆಲವೇ ದಿನಗಳಲ್ಲಿ ಜಪಾನಿನ ಅದರ ಬಹುಪಾಲು ಕಾರ್ಖಾನೆಗಳು ನಿಂತವು. ಕೊನೆಗೆ ಹೊಲಿಗೆ ಯಂತ್ರದ ಬ್ರದರ್ ಕಂಪನಿ ಕೂಡ ವಾಲ್ವ್ ಕೊರೆಯಲು ಕೂತಿತು.

ಹೀಗಾದಾಗ ಗ್ರಹಚಾರ ಎಂದು ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ರೇಗುತ್ತದೆ. ಬೆಂಕಿ ಎಂದು ಬೀಳುತ್ತದೆಂದು ಯಾರೂ ಹೇಳಲಾರರು, ಒಪ್ಪೋಣ. ಬಿದ್ದರೆ ಏನಾಗುತ್ತದೆ ಎಂದು ತಿಳಿಯಲು ಜ್ಯೋತಿಷಿ ಬೇಕಿಲ್ಲ, ಕೂಡಿ ಕಳೆಯಲು ಬಂದರೆ ಸಾಕು. ಸರಬರಾಜು ಜಾಲದ ನಕ್ಷೆಯಿಂದ ಒಂದು ಜಾಗವನ್ನು ಅಳಿಸಿಬಿಡಿ. ಅದು ಮತ್ತೆ ಎದ್ದು ನಿಲ್ಲಲು ಎಷ್ಟು ವಾರ ಬೇಕು? ಅಷ್ಟರವರೆಗೆ ಉಳಿದವರ ಬಳಿಯ ದಾಸ್ತಾನು ಸಾಲುತ್ತದೆಯೇ? ಸಾಲದಿದ್ದರೆ ಆಗುವ ನಷ್ಟವೆಷ್ಟು? ಆ ನಷ್ಟವೇ ಆ ಜಾಗದ ತೂಕ. ಎಂಐಟಿಯ ಡೇವಿಡ್ ಸಿಮ್ಚಿ-ಲೆವಿ ತಂಡ ಫೋರ್ಡ್ ಕಂಪನಿಯ ಜಾಲವನ್ನು ಹೀಗೆಯೇ ಒಂದೊಂದಾಗಿ ಅಳಿಸಿ ನೋಡಿತು. ಕೋಟಿಗಟ್ಟಲೆ ಬಿಲ್ಲು ಕಳಿಸುವ ಪೂರೈಕೆದಾರರಿಗಿಂತ, ಅಗ್ಗದ ಬಿಡಿಭಾಗ ಕೊಡುವ ಕೆಲವರೇ ಹೆಚ್ಚು ಅಪಾಯಕಾರಿ ಎಂದು ಗೊತ್ತಾಯಿತು. ದುಬಾರಿ ಸರಕಿನ ಮೇಲೆ ಎಲ್ಲರಿಗೂ ಕಣ್ಣಿರುತ್ತದೆ, ವಾಲ್ವನ್ನು ಕೇಳುವವರಾರು?

ಈ ಯೋಚನೆಯ ಬೇರು ಶೀತಲ ಸಮರದಲ್ಲಿದೆ. 1955ರಲ್ಲಿ ಅಮೆರಿಕದ ರ‍್ಯಾಂಡ್ ಎಂಬ ರಕ್ಷಣಾ ಸಂಶೋಧನಾ ಸಂಸ್ಥೆಗಾಗಿ ಹ್ಯಾರಿಸ್ ಮತ್ತು ರಾಸ್ ಸೋವಿಯತ್ ರೈಲುಜಾಲದ ನಕ್ಷೆ ಬಿಡಿಸಿ, ಎಲ್ಲಿ ಕತ್ತರಿಸಿದರೆ ಪೂರ್ವ ಯುರೋಪಿಗೆ ಸರಕು ನಿಲ್ಲುತ್ತದೆಂದು ಹುಡುಕಿದರು. ಕಡಿದರೆ ಜಾಲವನ್ನು ಎರಡಾಗಿಸಿ ಸರಕು ನಿಲ್ಲಿಸುವ ದಾರಿಗಳ ಗುಂಪೇ ‘ಕಡಿತ’; ಜಾಲದಲ್ಲಿ ಹರಿಯಬಲ್ಲ ಗರಿಷ್ಠ ಸರಕು ಅದರ ಅತಿ ಕಿರಿದಾದ ಕಡಿತದ ಸಾಮರ್ಥ್ಯಕ್ಕೆ ಸಮ ಎಂದು ಮರುವರ್ಷವೇ ಫೋರ್ಡ್ ಮತ್ತು ಫುಲ್ಕರ್ಸನ್ ಪ್ರಕಟಿಸಿದರು. (ಈ ಫೋರ್ಡ್ ಗಣಿತಜ್ಞ, ಕಾರಿನವರಲ್ಲ.)

ನಮ್ಮ ಮಂಗಳೂರು–ಬೆಂಗಳೂರು ನಡುವಿನ ಕಡಿತ ಪಶ್ಚಿಮಘಟ್ಟ. ಅದನ್ನು ದಾಟುವ ಶಿರಾಡಿ ಘಾಟಿಯ ರಸ್ತೆಯಲ್ಲಿ ದೊಡ್ಡ ಕಾರ್ಖಾನೆಯಿಲ್ಲ, ಮಾರುಕಟ್ಟೆಯಿಲ್ಲ. ಆದರೆ ಅಲ್ಲಿ ಗುಡ್ಡ ಜರಿದರೆ ಬಂದರಿನ ಸರಕು ಬೇರೆ ದಾರಿ ಹುಡುಕಬೇಕು. ಸಂಪಾಜೆ ಘಾಟಿಯ ರಸ್ತೆಯಿದೆ, ಸಕಲೇಶಪುರ–ಸುಬ್ರಹ್ಮಣ್ಯ ರೈಲಿದೆ ಎಂದು ಬದಲಿಗಳನ್ನು ಎಣಿಸುವುದು ಸುಲಭ. ಆದರೆ 2018ರ ಆಗಸ್ಟ್‌ನಲ್ಲಿ ಈ ಮೂರೂ ಒಟ್ಟಿಗೆ ಬಂದ್ ಆದವು, ಏಕೆಂದರೆ ಮೂರರ ಮೇಲೂ ಸುರಿದದ್ದು ಒಂದೇ ಮಳೆ. ಆದ್ದರಿಂದ ಲೆಕ್ಕ ಹಾಕುವಾಗ ಶಿರಾಡಿಯೊಂದನ್ನೇ ಅಳಿಸಿದರೆ ಸಾಲದು, ಆ ಮಳೆಗೆ ಸಿಗುವ ಮೂರನ್ನೂ ಒಟ್ಟಿಗೇ ಅಳಿಸಿ ನೋಡಬೇಕು.