ಸ್ಟಡಿ ಸೆಂಟರ್‌ನಲ್ಲಿ ಪಿಎಚ್‌.ಡಿ. ಗೈಡ್ ಸಿಗುವುದಿಲ್ಲ

ಮುಕ್ತ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡಬೇಕೆಂದು ಬರುವವರಲ್ಲಿ ಹೈಸ್ಕೂಲು ಮೇಷ್ಟ್ರುಗಳಿದ್ದಾರೆ, ಬ್ಯಾಂಕ್ ನೌಕರರಿದ್ದಾರೆ, ಮಕ್ಕಳು ಕಾಲೇಜು ಸೇರಿದ ಮೇಲೆ ಮತ್ತೆ ಓದಲು ಕೂತ ತಾಯಂದಿರಿದ್ದಾರೆ. ಇವರ ಓದಿನ ಹಸಿವು ದೊಡ್ಡದು. ಅಂಥವರೇ ವರ್ಷ ವರ್ಷವೂ ಒಂದೇ ತಪ್ಪು ಮಾಡಿ ಹಿಂದಿರುಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ತಮ್ಮೂರಿನ ಅಧ್ಯಯನ ಕೇಂದ್ರವನ್ನೇ (ಸ್ಟಡಿ ಸೆಂಟರ್) ಅವರು ಸಂಶೋಧನಾ ಕೇಂದ್ರ ಎಂದುಕೊಂಡಿರುತ್ತಾರೆ.

ಅಧ್ಯಯನ ಕೇಂದ್ರದ ಕೆಲಸವೇ ಬೇರೆ. ಅಸೈನ್‌ಮೆಂಟ್ ತೆಗೆದುಕೊಳ್ಳುವುದು, ಸಂಪರ್ಕ ತರಗತಿ ನಡೆಸುವುದು, ಬಿ.ಎ., ಎಂ.ಎ. ವಿದ್ಯಾರ್ಥಿಗಳ ಅಹವಾಲು ಕೇಳುವುದು. ಅಲ್ಲಿ ಪಾಠ ಹೇಳುವ ಕೌನ್ಸೆಲರ್ ಸಾಮಾನ್ಯವಾಗಿ ಇನ್ನೊಂದು ಕಾಲೇಜಿನ ಉಪನ್ಯಾಸಕರು. ಅವರು ಎಷ್ಟೇ ವಿದ್ವಾಂಸರಾದರೂ ನಿಮ್ಮ ಗೈಡ್ ಆಗಲಾರರು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಪಿಎಚ್‌.ಡಿ. ನಿಯಮಾವಳಿಯಂತೆ ಮುಖ್ಯ ಮಾರ್ಗದರ್ಶಕರು ಆ ವಿಶ್ವವಿದ್ಯಾಲಯದ ಕಾಯಂ ಅಧ್ಯಾಪಕರೇ ಆಗಿರಬೇಕು. ಹೊರಗಿನವರು ಹೆಚ್ಚೆಂದರೆ ಸಹ-ಮಾರ್ಗದರ್ಶಕರು. ಹಾಗಾಗಿ ಸಂಶೋಧನಾ ಕೇಂದ್ರವನ್ನು ಹುಡುಕುವುದೆಂದರೆ ಕಾಯಂ ಅಧ್ಯಾಪಕರಿರುವ ವಿಭಾಗವನ್ನು ಹುಡುಕುವುದು. ಕರ್ನಾಟಕ ರಾಜ್ಯ ಮುಕ್ತ ವಿವಿಗಾದರೆ ಮೈಸೂರಿನಲ್ಲಿರುವ ಅದರ ಕ್ಯಾಂಪಸ್ ಮುಕ್ತಗಂಗೋತ್ರಿಯ ಕಡೆ ನೋಡಬೇಕು, ಇಗ್ನೋಗಾದರೆ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿ) ದೆಹಲಿಯ ಮೈದಾನ್ ಗಢಿಯಲ್ಲಿರುವ ಅಧ್ಯಯನ ಶಾಲೆಗಳ ಕಡೆ.

ಇದರ ಬೆನ್ನಿಗೇ ಇನ್ನೊಂದು ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು. ಮುಕ್ತ ವಿವಿಯಲ್ಲೂ ದೂರಶಿಕ್ಷಣದಲ್ಲಿ ಪಿಎಚ್‌.ಡಿ. ಇಲ್ಲ. ಅಂಚೆಯಲ್ಲೂ ಇಲ್ಲ, ಆನ್‌ಲೈನ್‌ನಲ್ಲೂ ಇಲ್ಲ. ನಿಯಮಾವಳಿ ಅದನ್ನು ನೇರವಾಗಿ ನಿಷೇಧಿಸಿದೆ. ಅರೆಕಾಲಿಕ ಪಿಎಚ್‌.ಡಿ.ಗೆ ಅವಕಾಶವಿದೆ, ಆದರೆ ‘ಅರೆಕಾಲಿಕ’ಕ್ಕೂ ‘ದೂರ’ಕ್ಕೂ ಸಂಬಂಧವಿಲ್ಲ. ಅರೆಕಾಲಿಕರೂ ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್ (ಸಂಶೋಧನೆಗೆ ಅಣಿಗೊಳಿಸುವ ಪಾಠ, ಪರೀಕ್ಷೆ) ಮಾಡಿ ಅದರಲ್ಲಿ ಶೇ. 55 ತೆಗೆಯಬೇಕು, ಪ್ರತಿ ಸೆಮಿಸ್ಟರ್‌ನಲ್ಲೂ ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಂತು ಆದ ಕೆಲಸವನ್ನು ಒಪ್ಪಿಸಬೇಕು. ಬೀದರಿನವರು ಮೈಸೂರಿಗೆ ಅರ್ಜಿ ಹಾಕುವ ಮುಂಚೆ ರೈಲಿನ ವೇಳಾಪಟ್ಟಿ, ಉಳಿದಿರುವ ರಜೆ ಎರಡನ್ನೂ ಲೆಕ್ಕ ಹಾಕಿಕೊಳ್ಳಲಿ.

ಗೈಡ್ ಹತ್ತಿರ ಸೀಟು ಖಾಲಿ ಇದೆಯೇ ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ. ಏಕಕಾಲಕ್ಕೆ ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ಸಂಶೋಧನಾರ್ಥಿಗಳ ಮಿತಿಯಿದೆ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ.

ಇನ್ನು ವಿಷಯ. ‘ದೂರಶಿಕ್ಷಣದ ವಿವಿಯಲ್ಲಿ ಎಂಥ ಸಂಶೋಧನೆ?’ ಎಂದು ಮೂಗು ಮುರಿಯುವವರು ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯನ್ನು ನೋಡಬೇಕು. 2014ರಲ್ಲಿ ಧೂಮಕೇತುವಿನ ಮೇಲಿಳಿದ ಫಿಲೇ ನೌಕೆಯಲ್ಲಿದ್ದ ಟಾಲೆಮಿ ಉಪಕರಣದಲ್ಲಿ ಅಲ್ಲಿನ ವಿಜ್ಞಾನಿಗಳ ಪಾತ್ರವಿತ್ತು. ಅದೇ ವಿವಿ ತನ್ನ 32,593 ವಿದ್ಯಾರ್ಥಿಗಳು ಆನ್‌ಲೈನ್ ಪಾಠವನ್ನು ಯಾವ ದಿನ ತೆರೆದರು, ಯಾವಾಗ ಕೋರ್ಸ್ ಬಿಟ್ಟರು ಎಂಬ ದತ್ತಾಂಶವನ್ನು ಹೆಸರು ಅಳಿಸಿ ಎಲ್ಲರಿಗೂ ಮುಕ್ತವಾಗಿಟ್ಟಿದೆ. ದೂರಶಿಕ್ಷಣದ ವಿವಿಗೆ ತನ್ನ ವಿದ್ಯಾರ್ಥಿಗಳೇ ಒಂದು ಸಂಶೋಧನಾ ಕ್ಷೇತ್ರ. ಬೇರೆ ವಿವಿಗಳಿಗೆ ಸುಲಭಕ್ಕೆ ದಕ್ಕದ ಸಾಮಗ್ರಿ ಅಲ್ಲಿ ಕಡತದಲ್ಲೇ ಇರುತ್ತದೆ.

ಆದರೂ ಅರ್ಜಿಯ ಜೊತೆ ಕೊಡುವ ಸಂಶೋಧನಾ ಪ್ರಸ್ತಾವದಲ್ಲಿ, ಅಂದರೆ ಸಿನಾಪ್ಸಿಸ್‌ನಲ್ಲಿ, ಬರುವುದು ‘ಗ್ರಾಮೀಣ ಮಹಿಳೆ ಮತ್ತು ದೂರಶಿಕ್ಷಣ: ಒಂದು ಅಧ್ಯಯನ’. ಯಾವ ಊರು, ಯಾವ ಕೋರ್ಸು, ಏನನ್ನು ಎಣಿಸುತ್ತೀರಿ ಎಂಬುದೇ ಇಲ್ಲ. ಹೀಗೆ ಕೇಳಿಕೊಳ್ಳಿ: ಕಲಬುರಗಿ ಭಾಗದ ಎಂ.ಎ. ಕನ್ನಡ ವಿದ್ಯಾರ್ಥಿನಿಯರಲ್ಲಿ ಮೊದಲ ಅಸೈನ್‌ಮೆಂಟ್ ಒಪ್ಪಿಸದವರು ಎಷ್ಟು, ಅವರಲ್ಲಿ ಪರೀಕ್ಷೆಗೂ ಬಾರದವರು ಎಷ್ಟು, ಅಡ್ಡಿಯಾದದ್ದು ಮನೆಗೆಲಸವೋ, ತಡವಾಗಿ ಬಂದ ಪುಸ್ತಕವೋ? ಇಂಥ ಪ್ರಶ್ನೆಯಾದರೆ ದಾಖಲೆ ಎಲ್ಲಿ ಸಿಗುತ್ತದೆ, ಯಾರ ಅನುಮತಿ ಬೇಕು, ಯಾವ ಗೈಡ್ ಒಪ್ಪಿಯಾರು ಎಲ್ಲವೂ ಅದರಿಂದಲೇ ಹೊಳೆಯುತ್ತದೆ. ಅರ್ಜಿಗೆ ಮೊದಲು ಆ ವಿಭಾಗದ ಅಧ್ಯಾಪಕರ ನಾಲ್ಕಾರು ಲೇಖನಗಳನ್ನಾದರೂ ಓದಿರಬೇಕು. ಜನಪದ ಸಾಹಿತ್ಯದವರ ಬಳಿ ಗಣಕ ಭಾಷಾವಿಜ್ಞಾನದ ಪ್ರಸ್ತಾವ ಒಯ್ದರೆ ಸಂದರ್ಶನ ಐದೇ ನಿಮಿಷದಲ್ಲಿ ಮುಗಿಯುತ್ತದೆ.

ನೌಕರಿಯಲ್ಲಿರುವವರು ಕೊನೆಗೆ ಎಡವುವುದು ಮೇಲಧಿಕಾರಿಗಳು ಬರೆದುಕೊಡುವ ನಿರಾಕ್ಷೇಪಣಾ ಪತ್ರದಲ್ಲಿ (ಎನ್‌ಒಸಿ). ‘ಇವರು ಪಿಎಚ್‌.ಡಿ. ಮಾಡಲು ನಮ್ಮ ಆಕ್ಷೇಪಣೆ ಇರುವುದಿಲ್ಲ’ ಎಂಬ ಒಂದು ಸಾಲು, ಕೆಳಗೊಂದು ಮೊಹರು. ಅಷ್ಟು ಸಾಲದು. ಅರೆಕಾಲಿಕವಾಗಿ ಓದಲು ಅನುಮತಿ ಇದೆ, ಸಂಶೋಧನೆಗೆ ಸಾಕಷ್ಟು ಸಮಯ ಕೊಡಲು ಇವರ ಕೆಲಸ ಅಡ್ಡಿಯಾಗದು, ಅಗತ್ಯಬಿದ್ದರೆ ಕೋರ್ಸ್‌ವರ್ಕ್ ಮುಗಿಸಲು ಬಿಡುಗಡೆ ಮಾಡುತ್ತೇವೆ: ಈ ಮೂರೂ ಮಾತು ಪತ್ರದಲ್ಲಿರಬೇಕು. ಮೂರನೆಯದನ್ನು ಬರೆಯಲು ಮೇಲಧಿಕಾರಿಗಳು ಹಿಂಜರಿಯುವುದು ಸಹಜ. ಬದಲಿ ವ್ಯವಸ್ಥೆ ಅವರ ತಲೆಮೇಲೆ ಬರುತ್ತದೆ. ವಿವಿಯಿಂದ ವಿವಿಗೆ ನಮೂನೆ ಬದಲಾಗಬಹುದು, ಆಯಾ ವರ್ಷದ ಅಧಿಸೂಚನೆ ನೋಡಿಕೊಳ್ಳಿ. ಕೊನೇ ದಿನಾಂಕದ ಹಿಂದಿನ ವಾರ ಹೋಗಿ ಸಹಿ ಕೇಳಬೇಡಿ. ಒಂದೆರಡು ತಿಂಗಳು ಮೊದಲೇ, ಕರಡು ನೀವೇ ಬರೆದುಕೊಂಡು, ಮೂರು ವಾಕ್ಯಗಳ ಕೆಳಗೂ ಗೆರೆ ಎಳೆದು ಒಯ್ಯಿರಿ.